ಐದನೆಯ ಕುಂಕುಮ

ಮಾರ್ಸ್ಡನ್ ಪಾರ್ಕ್, ಸಿಡ್ನಿ
13 ಅಕ್ಟೋಬರ್ 2024, ಭಾನುವಾರ

ಮೋಲಿ ಅವರಿಗೆ,

ನಮಸ್ಕಾರ. ನೀವು ಕಳಿಸಿದ ಜಪಾನಿ ಕಾದಂಬರಿ ಗುರುವಾರ ಬಂತು. ಮೂರು ದಿನದಲ್ಲಿ ಓದಿ ಮುಗಿಸಿ, ಎಂದಿನಂತೆ ಪತ್ರವನ್ನು ಅದರೊಳಗೇ ಇಟ್ಟು ವಾಪಸು ಕಳಿಸುತ್ತಿದ್ದೇನೆ. ಅನುವಾದಕರು ಎರಡು ಕಡೆ ಎಡವಿದ್ದಾರೆ. ನೂರಾ ಹನ್ನೆರಡನೆಯ ಪುಟದಲ್ಲಿ ಹಿಮ ಕರಗಿ ಹೋಗಿದೆ, ಎರಡು ಪುಟದ ನಂತರ ಅದೇ ಬೆಳಿಗ್ಗೆ ಅವರು ಅದೇ ಹಿಮದಲ್ಲಿ ನಡೆಯುತ್ತಾರೆ. ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ, ಬೇಡವಾದರೆ ಅಳಿಸಿ.

ನಮ್ಮ ಮ್ಯೂಸಿಯಮ್ಮಿನ ರೋಮನ್ ಕಂಚಿನ ಬಗ್ಗೆ ಒಮ್ಮೆ ಬರೆದಿದ್ದೆ. ಮುಷ್ಟಿಯಷ್ಟು ದೊಡ್ಡದು, ಒಳಗೆ ಟೊಳ್ಳು, ಹನ್ನೆರಡು ಮುಖ. ಪ್ರತಿ ಮುಖದ ನಡುವೆ ಒಂದು ದುಂಡು ತೂತು, ಒಂದರ ಅಳತೆ ಇನ್ನೊಂದಕ್ಕಿಲ್ಲ. ಇಪ್ಪತ್ತು ಮೂಲೆಗೂ ಒಂದೊಂದು ಗುಂಡು. ಸುಮಾರು ಸಾವಿರದ ಏಳುನೂರು ವರ್ಷ ಹಳೆಯದು. ಯುರೋಪಿನ ಉತ್ತರ ಭಾಗದಲ್ಲಿ ಇಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಆದರೆ ಯಾತಕ್ಕೆ ಮಾಡಿದ್ದೆಂದು ಆ ಕಾಲದವರು ಯಾರೂ ಒಂದು ಸಾಲು ಬರೆದಿಟ್ಟಿಲ್ಲ. ಹಾಗಾಗಿ ಈಗ ಎಲ್ಲರಿಗೂ ಗೊತ್ತು. ಮೊನ್ನೆ ಒಬ್ಬಾತ ಹೆಂಡತಿಗೆ ವಿವರಿಸುತ್ತಿದ್ದ: ಉಣ್ಣೆಯ ಕೈಗವಸು ಹೆಣೆಯುವ ಸಾಧನವಂತೆ, ಯೂಟ್ಯೂಬಿನಲ್ಲಿ ನೋಡಿದ್ದಾನಂತೆ. ಅವನ ಹಿಂದೆ ನಿಂತಿದ್ದವನು ಮೇಣದಬತ್ತಿಯ ಸ್ಟ್ಯಾಂಡು ಅಂದ. ಇಬ್ಬರೂ ಸೇರಿ ಇಪ್ಪತ್ತು ಸೆಕೆಂಡು ನೋಡಿರಬಹುದು.

ಅವರ ಮೇಲೆ ಸಿಟ್ಟಿಲ್ಲ. ಸಿಟ್ಟು ಪಕ್ಕದ ಫಲಕದ ಮೇಲೆ. ‘ಉಪಯೋಗ: ಅಜ್ಞಾತ’ ಎಂದಿದೆ. ‘ಉಪಯೋಗ ನಮಗೆ ಗೊತ್ತಿಲ್ಲ’ ಎಂದು ಬರೆಸಿ ಎಂದು ಮ್ಯಾನೇಜರ್ ಬ್ರಾನ್ವಿನ್‌ಗೆ ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ. ಗೊತ್ತಿಲ್ಲದಿರುವುದು ನಮ್ಮ ಕೊರತೆ, ಆ ವಸ್ತುವಿನದ್ದಲ್ಲ. ‘ರೂಡಿ, ಇಟ್ಸ್ ಜಸ್ಟ್ ಎ ಲೇಬಲ್’ ಅನ್ನುತ್ತಾಳೆ. ಹನ್ನೊಂದು ವರ್ಷದಿಂದ ನಾನು ಅವಳಿಗೆ ರೂಡಿ. ಅದೂ ಲೇಬಲ್ಲೇ.

ಶುಕ್ರವಾರ ಆಯುಧಪೂಜೆ ಆಯಿತು. ಪ್ರತಿ ವರ್ಷದಂತೆ ಚಾಟ್ಸ್‌ವುಡ್‌ನ ನಮ್ಮ ಮ್ಯೂಸಿಯಮ್ಮಿನ ಹಿಂಭಾಗದ ಉಗ್ರಾಣದಲ್ಲಿ, ಬೆಳಿಗ್ಗೆ ಏಳಕ್ಕೆ, ಯಾರೂ ಬರುವ ಮೊದಲೇ ಮುಗಿಸಿದೆ. ದೀಪವಿಲ್ಲ, ಊದುಬತ್ತಿಯಿಲ್ಲ, ಹೊಗೆಗೆ ಅಲಾರ್ಮ್ ಕೂಗುತ್ತದೆ. ಬರೀ ಕುಂಕುಮ ಮತ್ತು ಒಂದೊಂದು ಹೂ. ಐದಕ್ಕೆ ಇಟ್ಟೆ: ಟ್ರಾಲಿ, ತೂಕದ ಯಂತ್ರ, ಡ್ರಿಲ್, ಏಣಿ. ಸೇವಂತಿಗೆ ಇಲ್ಲಿ ಮೇ ತಿಂಗಳ ಹೂವಾದ್ದರಿಂದ ದಸರೆಗೆ ಗುಲಾಬಿಯೇ ಗತಿ. ಅದನ್ನು ತಂದುಕೊಟ್ಟವಳು ವಾಸಂತಿ, ಕ್ಲೀನಿಂಗ್ ಏಜೆನ್ಸಿಯಿಂದ ಬರುವ ಅರಸೀಕೆರೆಯ ಹೆಂಗಸು. ಕಡ್ಲೆಪುರಿ ಕೊಟ್ಟರೆ ‘ಒಳಗೆ ತಿನ್ನಲ್ಲ ಸರ್’ ಎಂದು ಹೊರಗೆ ಬಸ್ ಸ್ಟಾಪಿನ ಬೆಂಚಿಗೆ ಒಯ್ದಳು. ಅವಳು ಸೇರಿದ ಮೊದಲ ತಿಂಗಳು ಸ್ಟಾಫ್ ರೂಮಿನಲ್ಲಿ ಡಬ್ಬಿ ತೆಗೆದಾಗ ಯಾರೋ ಎದ್ದು ಹೋಗಿ ಕಿಟಕಿ ತೆರೆದರಂತೆ. ಅಂದಿನಿಂದ ಮೂರು ವರ್ಷ, ಮಳೆ ಬಂದರೂ ಊಟ ಆ ಬೆಂಚಿನ ಮೇಲೆಯೇ.

ಕಂಚು ನವೆಂಬರಿನಲ್ಲಿ ನಿಮ್ಮ ಲ್ಯಾಬಿಗೆ ಬರುತ್ತದೆ. ಒಳಗೆ ಹಳೆಯ ಮೇಣದ ಅಂಶ ಇದೆಯೇ ಎಂದು ಪರೀಕ್ಷೆ. ನಿಮ್ಮ ಕೈಗೇ ಬಂದರೆ ನನಗೆ ಸಮಾಧಾನ.

ಇಂತಿ,
ರುದ್ರಪ್ಪ


ಕ್ಲೈಡ್ ನಾರ್ತ್, ಮೆಲ್ಬರ್ನ್
24 ನವೆಂಬರ್ 2024

ರುದ್ರಪ್ಪ ಸರ್‌ಗೆ ಮೋಲಿಯ ನಮಸ್ಕಾರಗಳು.

ನಿಮ್ಮ ಕಂಚು ಬಂದು ಹತ್ತು ದಿವಸ ಆಯ್ತು. ನನ್ನ ಮೇಜಿಗೇ ಬಂತು. ಪೆಟ್ಟಿಗೆ ತೆರೆದಾಗ ನಮ್ಮ ಬಾಸ್ ಫೋಟೋ ತೆಗೆದುಕೊಂಡರು, ಕಂಚಿನದ್ದಲ್ಲ, ನೀವು ಅದರ ಆಕಾರಕ್ಕೆ ಕೊರೆದ ಫೋಮಿನದ್ದು. ಇಪ್ಪತ್ತು ಗುಂಡುಗಳಿಗೂ ಇಪ್ಪತ್ತು ಕುಳಿ. ‘ಯಾರು ಮಾರಾಯ್ರೆ ಇವರು’ ಅಂತ ಕೇಳುವ ಹಾಗೆ ನೋಡಿದರು. ನನ್ನ ಪರಿಚಯದವರು ಅಂತ ಹೇಳಲಿಲ್ಲ. ಹೇಳಬಹುದಿತ್ತು.

ನಾನು ತೆಗೆದ ಕಂಚಿನ ಫೋಟೋ ನೋಡಿ ನಮ್ಮ ಯಜಮಾನರು ವಿಲ್ಫಿ, ‘ರೋಮಿನವರೂ ಸೇಮಿಗೆ ಒತ್ತುತ್ತಿದ್ದರು, ನೋಡು’ ಅಂದರು. ಸೇಮಿಗೆ ಅಂದರೆ ನಿಮ್ಮ ಶಾವಿಗೆ. ಮಗಳು ಆನ್ ಮರಿಯಾಗೆ ಹನ್ನೊಂದು ವರ್ಷ, ಅವಳ ಪ್ರಕಾರ ಅದು ಫಿಡ್ಜೆಟ್, ಸೈನಿಕರಿಗೆ ಬೋರ್ ಆದಾಗ ತಿರುಗಿಸಲಿಕ್ಕೆ. ನೀವು ಸಿಟ್ಟಾಗಬೇಡಿ. ನನಗೇನೋ ಇವಳದ್ದು ಕೈಗವಸಿಗಿಂತ ಉತ್ತಮ ಅನಿಸಿತು.

ಮೇಣ ಸಿಗಲಿಲ್ಲ.

ಒಂದು ಸಣ್ಣ ಪ್ರಶ್ನೆ ಉಂಟು ಸರ್. ನಿಮ್ಮಲ್ಲಿ ಇದನ್ನು ಯಾರ್ಯಾರು ಮುಟ್ಟುತ್ತಾರೆ? ಫಾರ್ಮಿಗೆ ಬರೆಯಲಿಕ್ಕಲ್ಲ, ಸುಮ್ಮನೆ ಕೇಳಿದ್ದು. ಹೇಳುವಂಥದ್ದು ಏನಾದರೂ ಇದ್ದರೆ ನನಗೆ ಹೇಳಿ, ನನ್ನಲ್ಲೇ ಇರುತ್ತದೆ. ವರದಿ ಕೊಡಲಿಕ್ಕೆ ಜನವರಿ ಕೊನೆಯವರೆಗೆ ಸಮಯ ಉಂಟು.

ನೀವು ಕಳಿಸಿದ ಪೋಲಿಷ್ ಕಾದಂಬರಿ ಅರ್ಧ ಆಗಿದೆ. ಯಾರೂ ಯಾರಿಗೂ ನೇರ ಮಾತಾಡುವುದಿಲ್ಲ, ಎಂತ ಜನ ಇವರು?

ನಿಮ್ಮ,
ಮೋಲಿ


ಮಾರ್ಸ್ಡನ್ ಪಾರ್ಕ್
15 ಡಿಸೆಂಬರ್ 2024

ಮೋಲಿ ಅವರಿಗೆ,

ಉತ್ತರ ತಡವಾಯಿತು. ನಿಮ್ಮ ಪ್ರಶ್ನೆಯಿಂದಲೇ ತಡವಾಯಿತೆಂದು ಹೇಳಿಬಿಡುವುದು ಒಳ್ಳೆಯದು.

ಆ ಕಂಚನ್ನು ಮುಟ್ಟುವವರು ಇಬ್ಬರು, ನಾನು ಮತ್ತು ಬ್ರಾನ್ವಿನ್. ಬೀಗದ ಕೈ ಎರಡೇ ಇವೆ. ಹನ್ನೊಂದು ವರ್ಷದಲ್ಲಿ ನಾನು ಯಾವ ವಸ್ತುವನ್ನೂ ಕೈಗವಸಿಲ್ಲದೆ ಮುಟ್ಟಿದವನಲ್ಲ. ಅವಳು ಮುಟ್ಟಿದ್ದನ್ನು ನಾನೇ ಎರಡು ಸಲ ನೋಡಿದ್ದೇನೆ, ಉಂಗುರದ ಕೈಯಲ್ಲಿ, ಕ್ಯಾಮೆರಾದವರಿಗೆ ತೋರಿಸಲೆಂದು. ಇದನ್ನು ನೀವು ಫಾರ್ಮಿಗೇ ಬರೆಯಬಹುದು.

‘ಹೇಳುವಂಥದ್ದು ಏನಾದರೂ ಇದ್ದರೆ’ ಎಂದಿರಿ. ನನ್ನ ಕೆಲಸದ ಬಗ್ಗೆ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ನೀವು ಕೇಳುವಿರೆಂದು ಎಣಿಸಿರಲಿಲ್ಲ.

ಪೋಲಿಷ್ ಕಾದಂಬರಿ ಮುಗಿದಾಗ ಕಳಿಸಿ, ಅವಸರವಿಲ್ಲ. ಕ್ರಿಸ್ಮಸ್ಸಿನ ಶುಭಾಶಯ. ವಿಲ್ಫಿಯವರಿಗೂ ತಿಳಿಸಿ.

ರುದ್ರಪ್ಪ


ಮಾರ್ಸ್ಡನ್ ಪಾರ್ಕ್
9 ಫೆಬ್ರವರಿ 2025

ಮೋಲಿ ಅವರಿಗೆ,

ಎರಡು ತಿಂಗಳಿಂದ ನಿಮ್ಮ ಪತ್ರವಿಲ್ಲ. ನಿಮ್ಮ ವರದಿ ಮಾತ್ರ ಬಂತು. ಅದರಿಂದ ಏನಾಯಿತೆಂದು ನಿಮಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಈ ಸಲ ಪುಸ್ತಕವಿಲ್ಲ.

ವರದಿಯ ಆರನೆಯ ಪುಟ: ‘ಒಂದು ಮುಖದ ಮೇಲೆ ಅರಿಶಿನದ ಅಂಶ. ಇತ್ತೀಚಿನದು. ಬಹುಶಃ ಆಹಾರದಿಂದ ಬಂದದ್ದು.’ ಬ್ರಾನ್ವಿನ್ ಇದನ್ನು ಓದಿದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ವಾಸಂತಿಯನ್ನು ಸ್ಟಾಫ್ ರೂಮಿಗೆ ಕರೆದಳು. ಭಾಷೆಗೆ ಇರಲಿ ಎಂದು ನನ್ನನ್ನೂ ಕರೆದಳು. ವಾಸಂತಿಗೆ ಇಂಗ್ಲಿಷ್ ಸಾಕಷ್ಟು ಬರುತ್ತದೆ. ಆದರೆ ಆ ದಿನ ಅವಳು ಕನ್ನಡದಲ್ಲೇ ಉತ್ತರ ಕೊಟ್ಟಳು.

‘ಮಧ್ಯಾಹ್ನ ಊಟಕ್ಕೆ ಏನು ತರುತ್ತೀ?’

‘ಅನ್ನ.’

‘ಯಾವ ಅನ್ನ? ಹಳದಿಯದ್ದಾ?’

‘ಒಂದಿನ ಚಿತ್ರಾನ್ನ, ಒಂದಿನ ಮೊಸರನ್ನ. ಹಿಂಗೇ ಅಂತಿಲ್ಲ.’

‘ಹಳದಿ ಬಣ್ಣ ಯಾವುದರಿಂದ ಬರುತ್ತದೆ?’

‘ಅರಿಶಿನದಿಂದ. ಇನ್ಯಾವುದ್ರಿಂದ ಬರುತ್ತೆ?’

ಬ್ರಾನ್ವಿನ್ ಬರೆದುಕೊಂಡಳು. ವಾಸಂತಿ ನನ್ನ ಕಡೆ ತಿರುಗಿ, ‘ನಿಂಬೆಹಣ್ಣು ಹಿಂಡ್ತೀನಿ, ಅದೂ ಹೇಳ್ಬೇಕಾ ಸರ್?’ ಎಂದು ಕೇಳಿದಳು. ನಾನು ಅದನ್ನೂ ಅನುವಾದಿಸಿದೆ. ಬ್ರಾನ್ವಿನ್ ಅದನ್ನೂ ಬರೆದುಕೊಂಡಳು. ಒಂದು ಶಬ್ದ ಬಿಡದೆ, ಒಂದು ಶಬ್ದ ಸೇರಿಸದೆ, ಎರಡೂ ಕಡೆಯ ಮಾತನ್ನು ದಾಟಿಸಿದೆ. ಒಳಗೆ ಊಟ ಮಾಡಿಯೇ ಇಲ್ಲ ಎಂದು ವಾಸಂತಿ ಮೂರು ಸಲ ಹೇಳಿದಳು, ನಾನೂ ಮೂರು ಸಲ ಹೇಳಿದೆ. ‘ಹಾಗಾದರೆ ಇದು ಹೇಗೆ ಬಂತು, ನಿನಗೆ ಗೊತ್ತಾ?’ ಎಂದು ಬ್ರಾನ್ವಿನ್ ಕೇಳಿದಳು. ವಾಸಂತಿ ಒಮ್ಮೆ ನನ್ನ ಮುಖ ನೋಡಿ, ‘ಗೊತ್ತಿಲ್ಲ’ ಅಂದಳು.

ಸಂಜೆಯೊಳಗೆ ಏಜೆನ್ಸಿಯವರು ಅವಳ ಹೆಸರು ತೆಗೆದರು. ‘ಸಂಗ್ರಹದ ವಸ್ತುವಿಗೆ ಹಾನಿ’ ಎಂದು ಅವಳ ಫೈಲಿನಲ್ಲಿ ಬರೆದಿದ್ದಾರೆ. ಮುಂದಿನ ತಿಂಗಳಿಂದ ಒಂದು ಶಿಶುವಿಹಾರದಲ್ಲಿ ಕಾಯಂ ಕೆಲಸಕ್ಕೆ ಸೇರುವವಳಿದ್ದಳು. ಅವರು ಈ ಮಾತು ಕೇಳಿ ಬೇಡವೆಂದಿದ್ದಾರೆ. ಕೈ ಶುದ್ಧವಿಲ್ಲದವಳೆಂದು ಹೆಸರು ಬಿದ್ದ ಹೆಂಗಸನ್ನು ಮಕ್ಕಳ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ?

ಕಂಚು ಇದ್ದದ್ದು ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ. ವಾಸಂತಿಯ ಬಳಿ ಕೀಲಿಯಿಲ್ಲ. ಇದನ್ನು ಒಬ್ಬರೂ ಕೇಳಲಿಲ್ಲ. ಅರಿಶಿನ ಸಿಕ್ಕಿತು, ಕಟ್ಟಡದಲ್ಲಿ ಡಬ್ಬಿ ತರುವ ಹೆಂಗಸು ಒಬ್ಬಳಿದ್ದಾಳೆ, ಲೆಕ್ಕ ಸರಿಹೋಯಿತು. ಸಾವಿರದ ಏಳುನೂರು ವರ್ಷದ ವಸ್ತುವಿನ ಬಗ್ಗೆ ‘ಅಜ್ಞಾತ’ ಎಂದು ಬರೆಯಲು ಇವರಿಗೆ ಸಂಕೋಚವಿಲ್ಲ. ಒಂದು ಕಲೆಯ ಬಗ್ಗೆ ಗೊತ್ತಿಲ್ಲವೆಂದು ಒಂದು ದಿನ ತಡೆದುಕೊಳ್ಳಲು ಮಾತ್ರ ಆಗಲಿಲ್ಲ.

ಆದರೆ ಅವರಿಗೆ ಆ ಶಬ್ದ ಕೊಟ್ಟವರು ನೀವು. ‘ಆಹಾರ’ ಎಂದು ಯಾವ ಆಧಾರದ ಮೇಲೆ ಬರೆದಿರಿ? ನೀವೂ ನಮ್ಮ ಕಡೆಯವರು. ಅರಿಶಿನವೆಂದರೆ ಊಟ ಮಾತ್ರ ಎಂದು ಇಲ್ಲಿಯವರು ತಿಳಿಯಬಹುದು, ನೀವು ತಿಳಿಯಬಹುದೇ? ಒಬ್ಬಳ ಅನ್ನ ಕಿತ್ತುಕೊಂಡ ಶಬ್ದ ಅದು. ಉತ್ತರ ಬೇಕು.

ರುದ್ರಪ್ಪ


ಕ್ಲೈಡ್ ನಾರ್ತ್
16 ಫೆಬ್ರವರಿ 2025

ರುದ್ರಪ್ಪನವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೂರನೇ ಸಲ ವಿಲ್ಫಿಗೆ ಓದಿ ಹೇಳಿದೆ. ‘ಈ ಮನುಷ್ಯನ ಧೈರ್ಯ ನೋಡು ಮಾರಾಯ್ತಿ’ ಅಂದರು. ಹೊಗಳಿದ್ದಲ್ಲ.

ಉತ್ತರ ಬೇಕು ಅಂದಿರಿ, ತೆಗೆದುಕೊಳ್ಳಿ.

ಅದು ಆಹಾರ ಅಲ್ಲ ಅಂತ ನನಗೆ ಮೊದಲ ದಿವಸವೇ ಗೊತ್ತಿತ್ತು. ಅರಿಶಿನದ ಜೊತೆಗೆ ಸುಣ್ಣ ಉಂಟು. ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಕುಂಕುಮ ಮಾಡುವುದು. ಎಣ್ಣೆ ಇಲ್ಲ, ಉಪ್ಪು ಇಲ್ಲ. ಎಣ್ಣೆ ಉಪ್ಪು ಇಲ್ಲದ ಚಿತ್ರಾನ್ನ ಯಾವ ಊರಲ್ಲಿ ಮಾಡುತ್ತಾರೆ? ಎಲ್ಲಾ ಕಡೆ ಹರಡಿಯೂ ಇಲ್ಲ. ಅತಿ ಸಣ್ಣ ತೂತಿರುವ ಮುಖದ ಮೇಲೆ, ತೂತಿನ ನೇರ ಮೇಲ್ಗಡೆ, ಬೆರಳ ತುದಿಯಷ್ಟು ಒಂದು ಬೊಟ್ಟು. ಯಾರೋ ಒರೆಸಿದ್ದಾರೆ, ಆದರೆ ತೂತಿನ ಅಂಚಿಗೆ ಕೆತ್ತಿದ ಗೆರೆ ಉಂಟಲ್ಲ, ಅದರೊಳಗೆ ಕೂತುಬಿಟ್ಟಿದೆ. ಊರಲ್ಲಿ, ಕುಲಶೇಖರದಲ್ಲಿ, ನಮ್ಮ ಪಕ್ಕದ ಮನೆಯ ಲಕ್ಷ್ಮಮ್ಮ ನವರಾತ್ರಿಯಲ್ಲಿ ಅವರ ರುಬ್ಬುವ ಕಲ್ಲಿಗೆ ಕುಂಕುಮ ಇಟ್ಟು, ಬೇಲಿ ದಾಟಿ ಬಂದು ನಮ್ಮ ಪಪ್ಪನ ಸೈಕಲ್ಲಿಗೂ ಇಡುತ್ತಿದ್ದರು. ಪಪ್ಪ ಬೇಡ ಅನ್ನಲಿಲ್ಲ. ಆದಿತ್ಯವಾರ ಅದೇ ಸೈಕಲ್ಲಿನಲ್ಲಿ ಇಗರ್ಜಿಗೆ ಹೋಗುತ್ತಿದ್ದರು. ಆ ಬೊಟ್ಟು ನೋಡಿ ನನಗೆ ಗುರುತು ಹತ್ತದೆ ಇರುತ್ತದಾ?

ಮನೆಗೆ ಬಂದು ನಿಮ್ಮ ಅಕ್ಟೋಬರಿನ ಪತ್ರ ತೆಗೆದೆ. ಐದಕ್ಕೆ ಕುಂಕುಮ ಇಟ್ಟೆ ಅಂತ ಬರೆದಿದ್ದೀರಿ. ಟ್ರಾಲಿ, ತೂಕದ ಯಂತ್ರ, ಡ್ರಿಲ್, ಏಣಿ. ನಾಲ್ಕು. ನೂರಾ ಹನ್ನೆರಡನೇ ಪುಟದ ಹಿಮಕ್ಕೆ ಪೆನ್ಸಿಲ್ ಹಾಕುವವರು ನೀವು. ಐದನೆಯದು ಯಾವುದು? ಕಂಚನ್ನು ಯಾರ್ಯಾರು ಮುಟ್ಟುತ್ತಾರೆ ಅಂತ ನಾನು ನವೆಂಬರಿನಲ್ಲಿ ಕೇಳಿದ್ದು ಅದಕ್ಕೇ. ನಿಮಗೆ ಬಾಗಿಲು ತೆರೆದಿಟ್ಟೆ. ನೀವು ನನಗೆ ಕೈಗವಸಿನ ಪಾಠ ಹೇಳಿ ಬಾಗಿಲು ಹಾಕಿದಿರಿ.

ಈಗ ನನ್ನ ತಪ್ಪು. ‘ಆಹಾರ’ ಅಂತ ಬರೆದದ್ದು ನಿಮ್ಮನ್ನು ಉಳಿಸಲಿಕ್ಕೆ. ಸುಣ್ಣದ ಸಾಲನ್ನು ವರದಿಯಿಂದ ಬಿಟ್ಟೆ. ಯಾರೋ ತಿಂಡಿ ತಿಂದ ಕೈ ತಾಗಿಸಿದ್ದಾರೆ ಅಂತ ತೊಳೆದು ಒಳಗಿಡುತ್ತಾರೆ, ಅಲ್ಲಿಗೆ ಮುಗಿಯಿತು ಅಂತ ಎಣಿಸಿದೆ. ಆಹಾರ ಅಂದರೆ ಯಾರ ಆಹಾರ ಅಂತ ಅವರು ಕೇಳುತ್ತಾರೆ ಅಂತ ಹೊಳೆಯಲೇ ಇಲ್ಲ. ಈ ದೇಶದಲ್ಲಿ ಹದಿನಾರು ವರ್ಷ ಇದ್ದೂ ಹೊಳೆಯಲಿಲ್ಲ. ಅದಕ್ಕೆ ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಉಂಟು ಅಂತ ನಿಮಗೆ ಬರೆಯುವುದಿಲ್ಲ.

ಆದರೆ ನೀವು ಆ ಕೋಣೆಯಲ್ಲಿ ಕೂತಿದ್ದಿರಿ. ಆ ಹೆಂಗಸಿನ ಪಕ್ಕ. ನಿಂಬೆಹಣ್ಣನ್ನೂ ಬಿಡದೆ ಅನುವಾದ ಮಾಡಿದಿರಿ. ಮತ್ತೆ ಮನೆಗೆ ಬಂದು ನನಗೆ ಸಿಟ್ಟಿನ ಪತ್ರ ಬರೆದಿರಿ.

ವರದಿಗೆ ತಿದ್ದುಪಡಿ ಟೈಪ್ ಮಾಡಿಟ್ಟಿದ್ದೇನೆ. ಸುಣ್ಣ, ಬೊಟ್ಟು, ಎಲ್ಲಾ ಉಂಟು. ಮೊದಲು ಯಾಕೆ ಬಿಟ್ಟೆ ಅಂತ ಕೇಳಿದರೆ ಹೇಳಬೇಕಾಗುತ್ತದೆ. ನನ್ನ ಕಾಂಟ್ರ್ಯಾಕ್ಟ್ ಜೂನಿನವರೆಗೆ, ಆಮೇಲೆ ನನ್ನನ್ನು ಇಟ್ಟುಕೊಳ್ಳಲಿಕ್ಕಿಲ್ಲ. ಮಾರ್ಚ್ ಮೂರು, ಸೋಮವಾರ ಸಂಜೆ ಕಳಿಸುತ್ತೇನೆ. ಅದಕ್ಕೆ ಮೊದಲು ನೀವು ಹೇಳಿದರೆ ಅದು ನಿಮ್ಮ ಮಾತು. ಆಮೇಲಾದರೆ ಅದು ನನ್ನ ವರದಿ ಮಾತ್ರ.

ಮೋಲಿ


ಮಾರ್ಸ್ಡನ್ ಪಾರ್ಕ್
23 ಫೆಬ್ರವರಿ 2025

ಮೋಲಿ ಅವರಿಗೆ,

ಐದನೆಯದು ಆ ಕಂಚೇ.

ಆ ದಿನ ಬೆಳಿಗ್ಗೆ ಏಳೂ ಹತ್ತಕ್ಕೆ ಕಪಾಟು ತೆರೆದು ಕುಂಕುಮ ಇಟ್ಟೆ. ಕೈಗವಸು ಹಾಕಿಕೊಂಡೇ ಇಟ್ಟೆ. ನಗಬೇಡಿ. ಸೋಮವಾರ ಬಂದು ಮೆತ್ತನೆಯ ಕುಂಚದಿಂದ ತೆಗೆದೆ. ಪೂರ್ತಿ ಹೋಗಿದೆ ಅಂದುಕೊಂಡಿದ್ದೆ.

ಯಾಕೆಂದು ಹೇಳುತ್ತೇನೆ. ನನ್ನ ತಂದೆ ದಾವಣಗೆರೆಯ ಮಿಲ್ಲಿನಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್ ಆಗಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಆಯುಧವಿತ್ತು. ಗೇಣುದ್ದದ ಉಕ್ಕು, ಒಂದು ತುದಿ ಕೊಕ್ಕೆ, ಇನ್ನೊಂದು ತುದಿ ಚಪ್ಪಟೆ. ಅವರಿಗಿಂತ ಮೊದಲು ಆ ಯಂತ್ರದಲ್ಲಿದ್ದವರದ್ದು. ಯಾತಕ್ಕೆಂದು ಇವರಿಗೆ ಗೊತ್ತಿರಲಿಲ್ಲ, ಕೇಳೋಣವೆಂದರೆ ಅವರು ಬದುಕಿರಲಿಲ್ಲ. ಆಯುಧಪೂಜೆಯ ದಿನ ಮೊದಲ ಕುಂಕುಮ ಅದಕ್ಕೇ. ‘ಕೆಲಸ ಇರೋವು ವರ್ಷವೆಲ್ಲ ಕೈಯಾಗಿರ್ತಾವು. ಇದನ್ನ ಇವತ್ತಾದ್ರೂ ಮುಟ್ಟಬೇಕು’ ಅನ್ನುತ್ತಿದ್ದರು. ಆ ದಿನ ಆಯುಧಕ್ಕೆ ರಜೆ. ನಮ್ಮ ಕಂಚು ಸಾವಿರದ ಏಳುನೂರು ವರ್ಷದಿಂದ ರಜೆಯಲ್ಲಿದೆ. ಅದನ್ನು ಯಾರೋ ದುಡಿಸಿದ್ದಾರೆ, ಅದರ ಹನ್ನೆರಡು ಅಳತೆಗೂ ಒಂದು ಕಾಲದಲ್ಲಿ ಅರ್ಥವಿತ್ತು. ಈಗ ಅದು ಯೂಟ್ಯೂಬಿನವರ ಬಾಯಿಗೆ ಆಹಾರ. ಹನ್ನೊಂದು ವರ್ಷ ಅದನ್ನು ನೋಡಿಕೊಂಡವನು ನಾನು. ಒಂದು ಬೊಟ್ಟು ಇಡುವ ಹಕ್ಕು ನನಗಿಲ್ಲವೇ ಎಂದು ಆ ಬೆಳಿಗ್ಗೆ ಅನಿಸಿತು. ಇಲ್ಲ ಎಂದು ಈಗ ಗೊತ್ತು. ಅನಿಸಿದ್ದು ಸುಳ್ಳಲ್ಲ.

ಆ ಕೋಣೆಯಲ್ಲಿ ಯಾಕೆ ಸುಮ್ಮನಿದ್ದೆ ಎಂದು ಕೇಳುವಿರಿ. ಹೇಳಿದ್ದರೆ ಏನಾಗುತ್ತಿತ್ತು? ಬ್ರಾನ್ವಿನ್ ಬರೆದುಕೊಳ್ಳುತ್ತಿದ್ದಳು. ನಮ್ಮ ಕುಂಕುಮ ಅವರ ಫೈಲಿನಲ್ಲಿ ‘ಮಾಲಿನ್ಯ’ ಆಗುತ್ತಿತ್ತು. ನಾಳೆಯಿಂದ ನಮ್ಮವರು ಯಾರು ಕೆಲಸಕ್ಕೆ ಬಂದರೂ ಹಣೆ ನೋಡಿ, ಕೈ ನೋಡಿ ಒಳಗೆ ಬಿಡುತ್ತಿದ್ದರು. ಅವಳ ಕೈಗೆ ಆ ಶಬ್ದ ಸಿಗಬಾರದೆಂದು ಅನಿಸಿತು. ಊಟ ಎಂದು ಅವರು ತಿಳಿದದ್ದೇ ತಪ್ಪು, ಆ ತಪ್ಪು ಅವರದ್ದು, ಅದನ್ನು ಅವರೇ ತಿದ್ದಿಕೊಳ್ಳಲಿ ಎಂದು ಕಾದೆ.

ಬ್ರಾನ್ವಿನ್‌ಗೆ ಕೊಡಲು ಹೇಳಿಕೆ ಸಿದ್ಧಮಾಡಿದ್ದೇನೆ. ಹನ್ನೊಂದು ಪುಟವಾಗಿದೆ. ಆಯುಧಪೂಜೆ ಎಂದರೇನು, ಫಲಕದ ಮಾತು, ಅವಳ ಉಂಗುರದ ಕೈ, ಎಲ್ಲವೂ ಕ್ರಮವಾಗಿ ಬಂದಿವೆ. ಪ್ರತಿ ಇದರ ಜೊತೆಗಿದೆ. ಓದಿ ಹೇಳಿ. ಎಕ್ಸ್‌ಪ್ರೆಸ್ಸಿನಲ್ಲಿ ಕಳಿಸುತ್ತಿದ್ದೇನೆ.

ರುದ್ರಪ್ಪ


ಕ್ಲೈಡ್ ನಾರ್ತ್
26 ಫೆಬ್ರವರಿ 2025

ರುದ್ರಪ್ಪ ಸರ್,

ಹನ್ನೊಂದು ಪುಟವನ್ನೂ ಓದಿದೆ. ನಿಮ್ಮ ಹಾಗೆ ಪೆನ್ಸಿಲ್ ಹಿಡಿದುಕೊಂಡೇ ಓದಿದೆ. ಒಂದೇ ಒಂದು ಗುರುತು ಹಾಕಿದ್ದೇನೆ, ಒಂಬತ್ತನೇ ಪುಟದಲ್ಲಿ. ವಾಸಂತಿಯ ಹೆಸರು ಮೊದಲ ಸಲ ಬರುವುದು ಅಲ್ಲಿ.

ಎಂಟು ಪುಟ ನೀವು ಅವರ ಮೇಲೆ ಸಿಟ್ಟು ಮಾಡಿದ್ದೀರಿ. ಎಲ್ಲಾ ಸರಿಯಾದ ಸಿಟ್ಟೇ. ನಿಮ್ಮ ಪಪ್ಪನ ಉಕ್ಕಿನ ಮಾತನ್ನು ಎರಡು ಸಲ ಓದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಹೆಂಗಸಿಗೆ ಅದರಿಂದ ಎಂತ ಸಿಗುತ್ತದೆ?

ನೀವು ಅವರ ಮನೆಗೆ ಹೋಗಿದ್ದೀರಾ? ಪತ್ರದಲ್ಲಿ ಎಲ್ಲಿಯೂ ಇಲ್ಲ. ಹೋಗದಿದ್ದರೆ ಮೊದಲು ಅಲ್ಲಿಗೆ ಹೋಗಿ.

ಸೋಮವಾರ ಸಂಜೆ ನಾನು ಕಳಿಸುವುದು ಕಳಿಸುತ್ತೇನೆ. ಅದರಲ್ಲಿ ಬದಲಿಲ್ಲ.

ಮೋಲಿ


ಮಾರ್ಸ್ಡನ್ ಪಾರ್ಕ್
2 ಮಾರ್ಚ್ 2025, ಭಾನುವಾರ

ಮೋಲಿ ಅವರಿಗೆ,

ನಿನ್ನೆ ವಾಸಂತಿಯವರ ಮನೆಗೆ ಹೋಗಿದ್ದೆ. ನಮ್ಮ ಮನೆಯಿಂದ ಕಾರಿನಲ್ಲಿ ಹನ್ನೆರಡು ನಿಮಿಷ. ಮೂರೂವರೆ ವರ್ಷದಲ್ಲಿ ಇದೇ ಮೊದಲ ಸಲ.

ಬಾಗಿಲು ತೆಗೆದದ್ದು ಅವರ ಮಗಳು ಗಾನವಿ, ಮ್ಯೂಸಿಯಮ್ಮಿನಲ್ಲಿ ನನ್ನನ್ನು ನೋಡಿದ್ದವಳು. ‘ಮಮ್, ರೂಡಿ ಅಂಕಲ್ ಈಸ್ ಹಿಯರ್’ ಎಂದು ಒಳಗೆ ಕೂಗಿದಳು. ವಾಸಂತಿಯವರು ಕೈ ಒರೆಸಿಕೊಳ್ಳುತ್ತಾ ಬಂದರು. ಬನ್ನಿ ಅಂದರು, ಕೂತ್ಕೊಳ್ಳಿ ಅನ್ನಲಿಲ್ಲ.

‘ನಿಮಗೆ ಒಂದು ವಿಷಯ ಹೇಳಬೇಕು’ ಅಂದೆ.

‘ಕುಂಕುಮದ ವಿಷ್ಯನಾ?’ ಅಂದರು.

ಅವರಿಗೆ ಗೊತ್ತಿತ್ತು. ಆಯುಧಪೂಜೆಯ ದಿನ ಮಧ್ಯಾಹ್ನ ಕಪಾಟಿನ ಗಾಜು ಒರೆಸುವಾಗಲೇ ನೋಡಿದ್ದರಂತೆ. ಅದರ ಮುಂದಿದ್ದ ಹೂವೂ ಅವರ ಗಿಡದ್ದೇ.

‘ಹಾಗಾದರೆ ಬ್ರಾನ್ವಿನ್ ಕೇಳಿದಾಗ ಗೊತ್ತಿಲ್ಲ ಅಂದಿರಲ್ಲ’ ಎಂದೆ.

‘ಅಲ್ಲೇ ಕೂತಿದ್ರಲ್ಲ ಸರ್ ನೀವು. ನೀವೇ ಹೇಳ್ತೀರ ಅಂತ ಸುಮ್ನಾದೆ. ನಾನು ಹೇಳಿದ್ರೆ ಚಾಡಿ ಆಗ್ತಿತ್ತು. ನೀವು ಹೇಳಿದ್ರೆ ನಿಜ ಆಗ್ತಿತ್ತು.’ ಸ್ವರ ಏರಿಸಲಿಲ್ಲ. ‘ಅವತ್ತು ಹೇಳ್ಲಿಲ್ಲ. ಸರಿ, ಗಾಬರಿ ಆಗಿರ್ತಾರೆ, ನಾಳೆ ಹೇಳ್ತಾರೆ ಅನ್ಕಂಡೆ. ಇವತ್ತಿಗೆ ಇಪ್ಪತ್ತೈದು ದಿನ. ಅವಳ ಮಾತೆಲ್ಲ ನನಗೆ ಸರಿಯಾಗಿ ಹೇಳಿದ್ರಿ, ನನ್ನ ಮಾತೆಲ್ಲ ಅವಳಿಗೆ ಸರಿಯಾಗಿ ಹೇಳಿದ್ರಿ. ನಿಮ್ಮ ಮಾತು ಒಂದೂ ಹೇಳ್ಲಿಲ್ಲ. ಅಷ್ಟೊಂದು ಪುಸ್ತಕ ಓದ್ತೀರಲ್ಲ, ಅದ್ರಾಗೆಲ್ಲ ಏನು ಬರೆದಿರ್ತಾರೆ?’

ನನ್ನ ಬಳಿ ಹನ್ನೊಂದು ಪುಟದ ಹೇಳಿಕೆ ಇತ್ತು. ಚೀಲದಿಂದ ತೆಗೆಯಲಿಲ್ಲ. ನಮ್ಮ ಮನೆಯವರು ಕೊಟ್ಟು ಕಳಿಸಿದ ಮೈಸೂರುಪಾಕಿನ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಹೊರಡುವಾಗ ಅದನ್ನು ನನ್ನ ಕೈಗೇ ವಾಪಸು ಕೊಟ್ಟರು. ‘ಇದನ್ನ ಈಗ ತಿನ್ನೋಕಾಗಲ್ಲ. ಅಲ್ಲಿಗೆ ವಾಪಸ್ ಬರೋ ಆಸೆ ನನಗಿಲ್ಲ. ಆ ಕಾಗದದಾಗೆ ನನ್ನ ಹೆಸರಿನ ಮುಂದೆ ಏನು ಬರೆದವ್ರೋ ಅದು ಹೋಗ್ಬೇಕು. ಶಿಶುವಿಹಾರದವರು ಇನ್ನೂ ಯಾರನ್ನೂ ತಗಂಡಿಲ್ಲ, ಬುಧವಾರ ನೋಡ್ತಾರಂತೆ’ ಅಂದರು.

ರಾತ್ರಿ ಊಟದ ಹೊತ್ತಿಗೆ ಮಗ ಅದ್ವಿಕ್ ಕೇಳಿದ, ‘ಡ್ಯಾಡ್, ಆರ್ ಯು ಇನ್ ಟ್ರಬಲ್?’ ಹೌದು ಅಂದೆ. ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದು ಆಗಲೇ.

ಹನ್ನೊಂದು ಪುಟವನ್ನು ಹರಿದು ಹಾಕಿದೆ. ಹೊಸದು ಒಂದು ಪುಟದೊಳಗಿದೆ. ಅದರ ಕನ್ನಡ ನಿಮಗಾಗಿ:

‘ವಾಸಂತಿಯವರು ಆ ಕಂಚನ್ನು ಮುಟ್ಟಿಲ್ಲ. ಕಳೆದ ಅಕ್ಟೋಬರ್ ಹನ್ನೊಂದರ ಬೆಳಿಗ್ಗೆ, ನನ್ನ ಕೀಲಿಯಿಂದ ಕಪಾಟು ತೆರೆದು, ಅದಕ್ಕೆ ಕುಂಕುಮ ಇಟ್ಟವನು ನಾನು. ಫೆಬ್ರವರಿ ನಾಲ್ಕರಂದು ನೀವು ಅವರನ್ನು ಪ್ರಶ್ನಿಸಿದಾಗ ನಾನು ಅದೇ ಕೋಣೆಯಲ್ಲಿದ್ದೆ. ನನಗೆ ಗೊತ್ತಿತ್ತು, ಹೇಳಲಿಲ್ಲ. ಅವರ ಹೆಸರಿನ ಮುಂದೆ ಬರೆದದ್ದನ್ನು ತೆಗೆದು, ಏಜೆನ್ಸಿಗೂ ಶಿಶುವಿಹಾರಕ್ಕೂ ಮಂಗಳವಾರದೊಳಗೆ ಬರಹದಲ್ಲಿ ತಿಳಿಸಬೇಕೆಂದು ಕೇಳುತ್ತೇನೆ. ನನ್ನ ಬಗ್ಗೆ ಏನು ಮಾಡಬೇಕೋ ಅದನ್ನು ಆಮೇಲೆ ಮಾಡಿ.’

ಫಲಕದ ಮಾತಿಲ್ಲ, ಉಂಗುರದ ಮಾತಿಲ್ಲ, ತಂದೆಯ ಮಾತೂ ಇಲ್ಲ. ನಿಮ್ಮ ಹೆಸರೂ ಇಲ್ಲ. ನೀವು ಸುಣ್ಣದ ಸಾಲು ಬಿಟ್ಟದ್ದು ಯಾಕೆಂದು ನನ್ನ ಬಾಯಿಂದ ಬರುವುದಿಲ್ಲ. ನೀವು ಹೇಳಿಯೇ ಹೇಳುತ್ತೀರಿ ಎಂದು ಗೊತ್ತು, ಬೇಡವೆನ್ನುವ ಅರ್ಹತೆ ನನಗಿಲ್ಲ.

ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ. ಅರಿಶಿನ ಕಂಡ ತಕ್ಷಣ ಡಬ್ಬಿ ಹುಡುಕಿದವರ ಮೇಲೆ ಸಿಟ್ಟು ಹಾಗೆಯೇ ಇದೆ. ಅದನ್ನು ಬೇರೆ ದಿನ, ಬೇರೆ ಕಾಗದದಲ್ಲಿ ಬರೆಯುತ್ತೇನೆ. ಆಗ ಆ ಕಾಗದದ ಹಿಂದೆ ನಾನು ಏನನ್ನೂ ಅಡಗಿಸಿಟ್ಟಿರಬಾರದು.

ನಾಳೆ ಟಾಲವಾಂಗ್‌ನಿಂದ ಏಳೂ ಇಪ್ಪತ್ತರ ಮೆಟ್ರೋ ಹಿಡಿಯುತ್ತೇನೆ. ಬ್ರಾನ್ವಿನ್ ಒಂಬತ್ತಕ್ಕೆ ಬರುತ್ತಾಳೆ. ಹೇಳಿಕೆಯನ್ನು ಮೇಜಿನ ಮೇಲಿಟ್ಟು ಬರುವುದಿಲ್ಲ, ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಕಪಾಟಿನ ಕೀಲಿಯನ್ನು ಗೊಂಚಲಿಂದ ಬಿಡಿಸಿ ಅದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಹೇಳಿಕೆ ಇಂಗ್ಲಿಷಿನಲ್ಲಿದೆ. ಭಾಷೆಗೆಂದು ಯಾರನ್ನೂ ಕರೆಯಬೇಕಾಗಿಲ್ಲ.

ರುದ್ರಪ್ಪ